ಹೊನ್ನಮ್ಮನವರ ಸೋರುವ ಮ್ಯಾಗಜೀನ್

ನಮ್ಮೂರಿನಲ್ಲಿ ಬೆಳಗಿನ ಹತ್ತಕ್ಕೆ ಸರಿಯಾಗಿ ಮನೆಗಳು ಮೇಲಕ್ಕೇಳುತ್ತವೆ, ಸಂಜೆ ದೀಪ ಹಚ್ಚುವ ಹೊತ್ತಿಗೆ ಇಳಿಯುತ್ತವೆ. ಒಂದು ತೆಂಗಿನ ಮರದಷ್ಟು ಎತ್ತರ, ಕೆಲವು ಅದಕ್ಕಿಂತ ಒಂದೆರಡು ಮೊಳ ಹೆಚ್ಚು. ಅಂಗಡಿಗಳು ಮಾತ್ರ ಏಳುವುದಿಲ್ಲ. ಅದರಿಂದಲೇ ನನ್ನ ಹೊಟ್ಟೆಪಾಡು ನಡೆಯುತ್ತಿದೆ, ಇಲ್ಲದಿದ್ದರೆ ನಾನೂ ಎಲ್ಲರ ಹಾಗೆ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದೆ.

ಮೇಲಿರುವ ಮನೆಯವರನ್ನು ಕೆಳಗಿನಿಂದ ಕೂಗಿ ಕರೆಯುವ ಪದ್ಧತಿ ನಮ್ಮಲ್ಲಿಲ್ಲ. ಸಾವಿನ ಸುದ್ದಿಯನ್ನಷ್ಟೇ ಕೂಗಿ ಹೇಳುವುದು. ಬೇರೆ ಯಾವುದಕ್ಕಾದರೂ ಕೂಗಿದರೆ ಮೇಲಿನವರ ಎದೆ ಧಸಕ್ಕೆನ್ನುತ್ತದೆ, ಆಮೇಲೆ ವಾರಗಟ್ಟಲೆ ಬೈಸಿಕೊಳ್ಳಬೇಕಾಗುತ್ತದೆ. ಹಾಗಾಗಿ ಪ್ರತಿ ಮನೆಯ ಜಗಲಿಯ ಕೆಳಗೂ ಒಂದು ದಪ್ಪ ಹಿತ್ತಾಳೆ ಗಂಟೆ ನೇತಾಡುತ್ತದೆ. ಬಂದವರು ಬೀದಿಯಲ್ಲಿ ನಿಂತು ಗ್ಯಾಸ್ ಪಿಸ್ತೂಲಿನಿಂದ ಅದಕ್ಕೊಂದು ಪ್ಲಾಸ್ಟಿಕ್ ಗುಂಡು ಹೊಡೆಯುತ್ತಾರೆ. ಬಟಾಣಿ ಕಾಳಿನಷ್ಟು ಗುಂಡು. ತಪ್ಪಿ ಯಾರಿಗಾದರೂ ಬಿದ್ದರೆ ಇರುವೆ ಕಚ್ಚಿದ ಹಾಗಾಗುತ್ತದೆ, ಅಷ್ಟೆ. ಗಂಟೆ ಟಣ್ ಎಂದರೆ ಮೇಲಿನಿಂದ ಏಣಿ ಇಳಿಯುತ್ತದೆ, ವಯಸ್ಸಾದವರಿಗೆ ರಾಟೆಯಲ್ಲಿ ಬುಟ್ಟಿ ಇಳಿಯುತ್ತದೆ. ಹಾಲಿನವನ ಸೊಂಟದಲ್ಲೂ ಪಿಸ್ತೂಲು, ಅಂಚೆಯವನ ಸೊಂಟದಲ್ಲೂ ಪಿಸ್ತೂಲು. ಮದುವೆಗೆ ಕರೆಯಲು ಬರುವ ಹೆಂಗಸರ ತಟ್ಟೆಯಲ್ಲಿ ಅಕ್ಷತೆ ಬಟ್ಟಲ ಪಕ್ಕಕ್ಕೇ ಪಿಸ್ತೂಲು ಮಲಗಿರುತ್ತದೆ.

ಪಿಸ್ತೂಲು ಕೆಡುವುದು ಅಪರೂಪ. ಕೆಡುವುದೆಲ್ಲ ಅದರ ಹಿಡಿಯೊಳಗೆ ತೂರಿಸುವ ಮ್ಯಾಗಜೀನ್. ಗೇಣುದ್ದದ ಲೋಹದ ಡಬ್ಬಿ ಅದು. ಗ್ಯಾಸೂ ಅದರೊಳಗೇ, ಗುಂಡೂ ಅದರೊಳಗೇ. ತಳದಲ್ಲಿ ಪುಟ್ಟ ಹಿತ್ತಾಳೆ ವಾಲ್ವ್, ಅಲ್ಲಿ ಗ್ಯಾಸ್ ತುಂಬುವುದು. ಬೆನ್ನಿನಲ್ಲಿ ಇನ್ನೊಂದು ವಾಲ್ವ್, ಪಿಸ್ತೂಲಿನ ಕುದುರೆ ಎಳೆದಾಗ ಗ್ಯಾಸ್ ಹೊರಬರುವುದು ಅಲ್ಲಿಂದ. ಎರಡಕ್ಕೂ ದಾರದಷ್ಟು ಸಣ್ಣ ರಬ್ಬರ್ ರಿಂಗುಗಳಿವೆ. ಆ ರಿಂಗ್ ಒಣಗಿದರೆ, ಬಿರುಕು ಬಿಟ್ಟರೆ, ಅದರ ಕೆಳಗೆ ಒಂದು ಧೂಳಿನ ಕಣ ಕೂತರೆ ಸಾಕು, ಸುಸ್ ಅಂತ ಶುರುವಾಗುತ್ತದೆ. ಹನ್ನೆರಡು ಗುಂಡು ಹೊಡೆಯಬೇಕಾದ ಗ್ಯಾಸು ನಾಲ್ಕಕ್ಕೇ ಉಸಿರು ಬಿಡುತ್ತದೆ.

ನನ್ನ ಹೆಸರು ಸರ್ವಮಂಗಳ, ಊರಿಗೆಲ್ಲ ಮಂಗಳಕ್ಕ. ಇಪ್ಪತ್ತೆರಡು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ, ಬಾಯಿ ಸ್ವಲ್ಪ ಜೋರು. ಜೋರಿಲ್ಲದಿದ್ದರೆ ಈ ಜನರ ಜೊತೆ ಏಗುವುದಾದರೂ ಹೇಗೆ ಹೇಳಿ. ರಿಂಗಿಗೆ ಸಿಲಿಕೋನ್ ಎಣ್ಣೆ ಬಿಟ್ಟು ಬೇರೆ ಏನೂ ಹಾಕಬೇಡಿ ಎಂದು ಅಂಗಡಿ ಬಾಗಿಲಲ್ಲೇ ಬರೆದು ಹಾಕಿದ್ದೇನೆ. ಒಬ್ಬ ಕೊಬ್ಬರಿ ಎಣ್ಣೆ ಹಾಕಿಕೊಂಡು ಬರುತ್ತಾನೆ, ಇನ್ನೊಬ್ಬಳು ತುಪ್ಪ ಸವರುತ್ತಾಳೆ, ಮತ್ತೊಬ್ಬ ಮಹಾನುಭಾವ ಚೂಯಿಂಗ್ ಗಮ್ ಮೆತ್ತಿ, "ಈಗ ಸೋರಲ್ಲ ನೋಡಿ ಅಕ್ಕ, ಆದ್ರೆ ಗುಂಡೂ ಹಾರಲ್ಲ" ಎಂದು ನನ್ನ ಮುಂದೆಯೇ ಆಶ್ಚರ್ಯಪಡುತ್ತಾನೆ. ಮ್ಯಾಗಜೀನನ್ನು ಪೂರ್ತಿ ಖಾಲಿ ಮಾಡಿ ಎತ್ತಿಡಬೇಡಿ, ಒಳಗೆ ಒಂದು ಚೂರು ಗ್ಯಾಸ್ ಇದ್ದರೆ ರಿಂಗ್ ಬಿಗಿಯಾಗಿ ಕೂತಿರುತ್ತದೆ ಎಂದು ಬಾಯಿ ನೋಯುವಷ್ಟು ಹೇಳುತ್ತೇನೆ. ಹೂಂ ಅನ್ನುತ್ತಾರೆ, ಮನೆಗೆ ಹೋಗಿ ಖಾಲಿ ಮಾಡಿಯೇ ಇಡುತ್ತಾರೆ.

ಈಗ ಹೊನ್ನಮ್ಮನವರ ವಿಷಯಕ್ಕೆ ಬರುತ್ತೇನೆ. ಅವರಿಗೆ ಎಪ್ಪತ್ತೆರಡು. ತೆಳ್ಳಗೆ, ನೆಟ್ಟಗೆ, ಹಣೆಯ ಮೇಲೆ ನಾಲ್ಕಾಣೆ ಅಗಲದ ಕುಂಕುಮ. ಅವರಿಗೂ ಮೇಲಿನ ಬೀದಿಯ ಅಂಬುಜಾಕ್ಷಮ್ಮನವರಿಗೂ ಚಿಕ್ಕಂದಿನಿಂದ ಸ್ನೇಹ. ಒಬ್ಬರ ಮನೆಯಲ್ಲಿ ಸಾರು ಕುದಿದರೆ ಇನ್ನೊಬ್ಬರ ಮನೆಯಲ್ಲಿ ಉಪ್ಪು ನೋಡುವಷ್ಟು ಸ್ನೇಹ. ಹನ್ನೊಂದು ವರ್ಷದ ಹಿಂದೆ ಅಂಬುಜಾಕ್ಷಮ್ಮ ಮೊಮ್ಮಗನ ನಾಮಕರಣಕ್ಕೆ ಇವರಿಗೊಂದು ನೇರಳೆ ಬಣ್ಣದ ಸೀರೆ ಉಡುಗೊರೆ ಕೊಟ್ಟರು. ಇವರಿಗೆ ಆ ಬಣ್ಣ ಹಿಡಿಸಲಿಲ್ಲ, ನಾದಿನಿಗೆ ಕೊಟ್ಟುಬಿಟ್ಟರು. ಆ ನಾದಿನಿ ಮಹಾತಾಯಿ ಅದನ್ನೇ ಉಟ್ಟುಕೊಂಡು ಅಂಬುಜಾಕ್ಷಮ್ಮನವರ ಎದುರಿಗೇ ಕೂತು ಊಟ ಮಾಡಿ, ಪಾಯಸ ಎರಡು ಸಲ ಹಾಕಿಸಿಕೊಂಡಳು. ಅಲ್ಲಿಗೆ ಇಬ್ಬರಿಗೂ ಮಾತು ಬಿಟ್ಟುಹೋಯಿತು.

ಮಾತು ಬಿಟ್ಟವರು ಮತ್ತೆ ಸೇರುವುದಕ್ಕೆ ನಮ್ಮೂರಿನಲ್ಲಿ ಒಂದೇ ದಾರಿ. ಮನೆ ನೆಲದ ಮೇಲಿರುವಾಗ ರಾಜಿಯ ಮಾತು ಎತ್ತುವ ಹಾಗಿಲ್ಲ. ಮನೆ ಮೇಲಿರುವಾಗ ಹೋಗಬೇಕು, ಸೂರಿನ ನೆತ್ತಿಯಲ್ಲಿ ಕಟ್ಟಿರುವ ಸಣ್ಣ ಗಂಟೆಗೆ, ನಿಂಬೆಹಣ್ಣಿನಷ್ಟಿರುತ್ತದೆ ಅದು, ಏಳು ಸಲ ಹೊಡೆಯಬೇಕು. ನೋಯಿಸಿದವರೇ ಹೊಡೆಯಬೇಕು, ಬೇರೆಯವರ ಕೈಯಲ್ಲಿ ಹೊಡೆಸುವಂತಿಲ್ಲ. ಒಂದೇ ಮ್ಯಾಗಜೀನ್, ಒಂದೇ ಸಲ ತುಂಬಿದ ಗ್ಯಾಸು. ಗುರಿ ತಪ್ಪಿದರೆ ಚಿಂತೆಯಿಲ್ಲ, ಗ್ಯಾಸಿರುವ ತನಕ ಹೊಡೆಯಬಹುದು. ಏಳಾಗುವ ಮೊದಲೇ ಗ್ಯಾಸೋ ಗುಂಡೋ ಮುಗಿದರೆ ಇನ್ನೊಂದು ವರ್ಷ ಕಾಯಬೇಕು. ಮೇಲಿರುವವರಿಗೆ ಎಷ್ಟೇ ಆಸೆಯಿದ್ದರೂ ಬುಟ್ಟಿ ಇಳಿಸುವಂತಿಲ್ಲ.

ಹೊನ್ನಮ್ಮ ಎಂಟು ವರ್ಷ ಹಟ ಹಿಡಿದು ಕೂತಿದ್ದರು. ಆಮೇಲೆ ಕರಗಿ ಪ್ರತಿ ವರ್ಷ ಹೋಗತೊಡಗಿದರು. ಮೊದಲ ವರ್ಷ ಗಂಟೆ ಮೂರು ಸಲ ಟಣ್ ಎನ್ನುವಷ್ಟಕ್ಕೇ ಗ್ಯಾಸು ನಿಂತಿತು. ಎರಡನೇ ವರ್ಷ ರಿಂಗುಗಳಿಗೆ ಹರಳೆಣ್ಣೆ ಕುಡಿಸಿ ಅವು ನೆನೆದ ಕಡಲೆಯ ಹಾಗೆ ಊದಿಕೊಂಡು, ನಾಲ್ಕಕ್ಕೆ ನಿಂತಿತು. ಮೂರನೇ ವರ್ಷ, ಅಂದರೆ ಹೋದ ವರ್ಷ, ಐದಕ್ಕೆ ನಿಂತಿತು. ಆ ಮ್ಯಾಗಜೀನ್ ರಿಪೇರಿ ಮಾಡಿದವಳು ನಾನು. ಊರೆಲ್ಲ ನೋಡುತ್ತಿರುವಾಗ ಹೊನ್ನಮ್ಮ ಆರನೇ ಸಲ ಕುದುರೆ ಎಳೆದರು, ಪುಸ್ ಎಂದಿತು. ಅವರು ನನ್ನನ್ನು ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ವಾಸಿಯಿತ್ತು, ನಾನು ತಿರುಗಿ ಏನಾದರೂ ಹೇಳಿ ಹಗುರಾಗುತ್ತಿದ್ದೆ.

ಈ ಸಲ ಶುಕ್ರವಾರಕ್ಕೆ ವರ್ಷ ತುಂಬುತ್ತಿತ್ತು. ಸೋಮವಾರವೇ ಅಂಗಡಿಗೆ ಬಂದರು. ಕೈಚೀಲದಿಂದ ಮ್ಯಾಗಜೀನ್ ತೆಗೆದು, ಸೆರಗಿನಿಂದ ಇನ್ನೊಂದು ಸಲ ಒರೆಸಿ ನನ್ನ ಮುಂದಿಟ್ಟರು.

"ಮಂಗಳಾ, ಈ ಸಲ ಆಗದಿದ್ರೆ ಇನ್ನು ಆಗಲ್ಲ ಕಣೇ" ಎಂದರು.

"ಯಾಕ್ ದೊಡ್ಡಮ್ಮ ಹಂಗಂತೀರಾ? ಬರೋ ವರ್ಷ ಇಲ್ವಾ?"

"ಬರೋ ವರ್ಷ ಇರತ್ತೆ. ಕಣ್ಣಿರಲ್ಲ. ಎಡಗಣ್ಣು ಆಗ್ಲೇ ಮಬ್ಬು. ಪೊರೆಯಾಗಿದ್ರೆ ತೆಗೀಬಹುದಿತ್ತಂತೆ, ಇದು ನರದ್ದಂತೆ. ಡಾಕ್ಟ್ರು ಏನೇನೋ ಸುತ್ತಿ ಬಳಸಿ ಹೇಳಿದ್ರು. ಬರೋ ವರ್ಷಕ್ಕೆ ಗಂಟೆ ಹಾಗಿರಲಿ, ಅವಳ ಮನೇನೇ ಕಾಣಲ್ವಂತೆ."

"ನೀವು ಹೋಗಿ ಕಾಫಿ ಕುಡೀರಿ, ನಾನು ನೋಡ್ಕೋತೀನಿ" ಎಂದು ಗದರಿದೆ. ಅವರು ಹೋಗಲಿಲ್ಲ, ಸ್ಟೂಲಿನ ಮೇಲೆ ಕೂತು ನನ್ನ ಕೈಯನ್ನೇ ನೋಡುತ್ತಿದ್ದರು.

ಸೋರುವ ಜಾಗ ಕಿವಿಗೆ ಸಿಗುವುದಿಲ್ಲ, ನೀರಿಗೆ ಸಿಗುತ್ತದೆ. ಬಕೆಟ್ಟಿನಲ್ಲಿ ಉಗುರು ಬೆಚ್ಚಗಿನ ನೀರು ತುಂಬಿ, ಗ್ಯಾಸ್ ತುಂಬಿದ ಮ್ಯಾಗಜೀನನ್ನು ಮುಳುಗಿಸಿ ಹಿಡಿದರೆ ಗುಳ್ಳೆ ಎಲ್ಲಿಂದ ಏಳುತ್ತದೋ ಅಲ್ಲಿ ರೋಗ. ಗುಳ್ಳೆ ತಳದ ವಾಲ್ವಿನಿಂದ ಬಂತು. ಹೋದ ವರ್ಷವೂ ಅಲ್ಲಿಂದಲೇ ಬಂದಿತ್ತು. ಗ್ಯಾಸ್ ಬಿಟ್ಟು, ಕೀಲಿ ಹಾಕಿ ವಾಲ್ವ್ ಬಿಚ್ಚಿದೆ. ರಿಂಗಿನ ಕೆಳಗೆ ಸಣ್ಣಗೆ ಕೆಂಪು ಪುಡಿ. ಹೋದ ವರ್ಷವೂ ಇದೇ ಕೆಂಪು ಇತ್ತು. ತುಕ್ಕು, ಮತ್ತೆ ಬಂದಿದೆ ಎಂದುಕೊಂಡೆ. ಚೆನ್ನಾಗಿ ಒರೆಸಿ, ಹೊಸ ರಿಂಗ್ ಹಾಕಿ, ಎರಡು ಹನಿ ಸಿಲಿಕೋನ್ ಎಣ್ಣೆ ಬಿಟ್ಟು, ಮತ್ತೆ ಗ್ಯಾಸ್ ತುಂಬಿ ಬಕೆಟ್ಟಿನಲ್ಲಿ ಅರ್ಧ ಗಂಟೆ ಇಟ್ಟೆ. ಒಂದೇ ಒಂದು ಗುಳ್ಳೆ ಇಲ್ಲ.

"ಕಲ್ಲಿನ ಹಾಗಿದೆ ದೊಡ್ಡಮ್ಮ. ಶುಕ್ರವಾರ ಏಳಲ್ಲ, ಹನ್ನೊಂದು ಹೊಡೀರಿ" ಎಂದೆ. ಅವರು ನನ್ನ ಗಲ್ಲ ಮುಟ್ಟಿ ದೃಷ್ಟಿ ತೆಗೆದು ಹೋದರು.

ಬುಧವಾರ ಬೆಳಗ್ಗೆ ಬಾಗಿಲು ತೆಗೆಯುವುದಕ್ಕೆ ಮೊದಲೇ ಬಂದು ನಿಂತಿದ್ದರು. ಮುಖ ನೋಡಿದರೇ ಗೊತ್ತಾಯಿತು.

"ಮನಸ್ಸು ತಡೀಲಿಲ್ಲ ಕಣೇ. ಈ ಸಲ ಮುಂಚೇನೇ ಒಂದ್ಸಲ ತುಂಬಿ ನೋಡೋಣ ಅಂತ ನಿನ್ನೆ ತುಂಬಿ ಇಟ್ಟೆ. ಎರಡು ತಾಸಲ್ಲಿ ಖಾಲಿ."

ನನಗೆ ಮೈಯೆಲ್ಲ ಉರಿಯಿತು. ಅವರ ಮೇಲಲ್ಲ, ನನ್ನ ಮೇಲೆ. ಬಕೆಟ್ಟಿನಲ್ಲಿ ಹಿಡಿದರೆ ಮತ್ತೆ ಅದೇ ತಳದ ವಾಲ್ವಿನಿಂದ ಗುಳುಗುಳು. ನಾನೇ ಹಾಕಿದ ಹೊಸ ರಿಂಗ್! ಬಿಚ್ಚಿದೆ. ಒಳಗೆ ಕೆಂಪು ಪುಡಿ, ಎಣ್ಣೆಯಲ್ಲಿ ಕಲಸಿ ಮೆತ್ತಗಾಗಿ ರಿಂಗಿನ ಸುತ್ತ ಕೂತಿದೆ. ಎರಡೇ ದಿನದಲ್ಲಿ ತುಕ್ಕೇ? ಮತ್ತೆ ನೋಡಿದೆ. ವಾಲ್ವ್ ಹಿತ್ತಾಳೆಯದು. ರಿಂಗ್ ರಬ್ಬರಿನದು. ಹಿತ್ತಾಳೆಗೆ ಕೆಂಪು ತುಕ್ಕು ಹಿಡಿಯುವುದು ಎಲ್ಲಿಯಾದರೂ ಉಂಟೇ? ಇಪ್ಪತ್ತೆರಡು ವರ್ಷ ಕತ್ತೆ ಕಾದಿದ್ದೆನೇ ನಾನು? ಆ ಪುಡಿಯನ್ನು ಬೆರಳಿಗೆ ತೆಗೆದುಕೊಂಡು ಬೆಳಕಿಗೆ ಹಿಡಿದೆ. ಬೆರಳು ನೋಡಿದೆ, ಹೊನ್ನಮ್ಮನವರ ಹಣೆ ನೋಡಿದೆ. ಎರಡೂ ಒಂದೇ ಬಣ್ಣ.

"ದೊಡ್ಡಮ್ಮ, ಇದಕ್ಕೆ ಪೂಜೆ ಮಾಡ್ತೀರಾ?"

"ಮಾಡ್ದೆ? ಎಂಥ ಕೆಲಸಕ್ಕೆ ತಗೊಂಡು ಹೋಗ್ತಿದೀನಿ! ಒರೆಸಿ, ದೇವರ ಮುಂದಿಟ್ಟು, ಹೂವೇರಿಸಿ, ಕುಂಕುಮ ಇಟ್ಟು, ಆಮೇಲೇ ಗ್ಯಾಸ್ ತುಂಬೋದು. ಪ್ರತಿ ವರ್ಷಾನೂ ಮಾಡ್ತೀನಿ."

"ಕುಂಕುಮ ಎಲ್ಲಿ ಇಡ್ತೀರಾ, ತೋರ್ಸಿ."

ಅವರು ಮ್ಯಾಗಜೀನನ್ನು ತಲೆಕೆಳಗು ಮಾಡಿ, ಉಂಗುರದ ಬೆರಳಿನಿಂದ ತಳದ ಗುಂಡನೆಯ ವಾಲ್ವಿನ ನಟ್ಟ ನಡುವೆ ಮೆಲ್ಲಗೆ ಒತ್ತಿ ತೋರಿಸಿದರು. "ಇಲ್ಲಿ. ಹಣೆ ಹಂಗೆ ಗುಂಡಗೆ, ಹೊಳೀತಾ ಇರತ್ತಲ್ಲ."

ಅವರು ಪುಡಿ ಕುಂಕುಮವನ್ನು ವಾಲ್ವಿನ ತೂತಿಗೆ ಒತ್ತುತ್ತಿದ್ದರು. ಮೇಲಿನಿಂದ ಗ್ಯಾಸ್ ಡಬ್ಬಿಯ ಮೂತಿ ಅದುಮಿದಾಗ ಅದಷ್ಟೂ ಒಳಗೆ ಹೋಗಿ ರಿಂಗಿನ ಕೆಳಗೆ ಕೂರುತ್ತಿತ್ತು. ಅಂಗಡಿಗೆ ತರುವ ಮೊದಲು ಮರ್ಯಾದೆಗೆ ಹೊರಗಿನದನ್ನೆಲ್ಲ ಸೆರಗಿನಿಂದ ಒರೆಸಿ ತರುತ್ತಿದ್ದರು, ನನಗೆ ಕಾಣುವುದಾದರೂ ಹೇಗೆ! ನಾನು ಎಷ್ಟು ಚೆನ್ನಾಗಿ ರಿಪೇರಿ ಮಾಡಿದರೂ ಆ ತಾಯಿ ಮನೆಗೆ ಹೋಗಿ ಭಕ್ತಿಯಿಂದ ಅದನ್ನು ಕೆಡಿಸುತ್ತಿದ್ದರು.

"ದೊಡ್ಡಮ್ಮ, ನೀವು ಹಣೆ ಅಂದ್ಕೊಂಡಿರೋದು ಅದರ ಬಾಯಿ. ಬಾಯಿಗೆ ಕುಂಕುಮ ತುರುಕಿದೀರಾ. ಅದು ಉಸಿರು ಬಿಡದೆ ಇನ್ನೇನು ಮಾಡತ್ತೆ?"

ಅವರು ಬಾಯಿ ಮೇಲೆ ಕೈಯಿಟ್ಟುಕೊಂಡರು. ನಾನು ನಕ್ಕೆ. ಅವರು ನಗಲಿಲ್ಲ.

"ಹಂಗಾದ್ರೆ ಕುಂಕುಮ ಇಡಬಾರ್ದಾ?" ಎಂದರು. "ಬೋಳು ಹಣೇಲಿ ಕರ್ಕೊಂಡು ಹೋಗ್ಲಾ ಅದನ್ನ, ಅವಳ ಮನೆ ಮುಂದಕ್ಕೆ?"

ಅದು ಸುಮ್ಮನೆ ಕೇಳಿದ ಮಾತಾಗಿರಲಿಲ್ಲ. ಕುಂಕುಮವಿಲ್ಲದೆ ಅವರು ಹೋಗುವುದಿಲ್ಲ, ಹೋದರೂ ಗುರಿ ನಿಲ್ಲುವುದಿಲ್ಲ, ಅದು ನನಗೂ ಗೊತ್ತಾಯಿತು. ಮ್ಯಾಗಜೀನನ್ನು ನೆಟ್ಟಗೆ ನಿಲ್ಲಿಸಿ ಅದರ ಮುಂಭಾಗದ ಚಪ್ಪಟೆ ಜಾಗ ತೋರಿಸಿದೆ. "ಇಲ್ನೋಡಿ, ಇದು ಹಣೆ. ಮೊದಲು ಗ್ಯಾಸ್ ತುಂಬಿ. ಆಮೇಲೆ ಇಲ್ಲಿ ಇಡಿ. ಎಷ್ಟು ಅಗಲ ಬೇಕಾದ್ರೂ ಇಡಿ, ಹೂ ಬೇಕಾದ್ರೆ ಮುಡಿಸಿ, ನಂಗೇನೂ ಅಡ್ಡಿಯಿಲ್ಲ. ಬಾಯಿ ತಂಟೆಗೆ ಮಾತ್ರ ಹೋಗ್ಬೇಡಿ."

ವಾಲ್ವನ್ನು ಮೂರು ಸಲ ತೊಳೆದು ಹೊಸ ರಿಂಗ್ ಹಾಕಿಕೊಟ್ಟೆ. ಹೋದ ವರ್ಷವೇ ಆ ಕೆಂಪು ನನ್ನ ಕಣ್ಣಿಗೆ ಬಿದ್ದಿತ್ತು, ನಾನು ತುಕ್ಕು ಎಂದು ಒರೆಸಿ ಬಿಸಾಡಿದ್ದೆ ಎಂಬುದನ್ನು ಮಾತ್ರ ಹೇಳಲಿಲ್ಲ. ಹೇಳಬೇಕೆಂದು ಬಾಯಿ ತೆರೆದೆ, ಧೈರ್ಯ ಸಾಲಲಿಲ್ಲ.

ಶುಕ್ರವಾರ ಹನ್ನೊಂದರ ಬಿಸಿಲಿನಲ್ಲಿ ಅಂಬುಜಾಕ್ಷಮ್ಮನವರ ಮನೆಯ ಕೆಳಗೆ ಬೀದಿ ತುಂಬ ಜನ. ಲೆಕ್ಕ ಹೇಳುವುದಕ್ಕೆ ಪಂಚಾಕ್ಷರಿ ಮೇಷ್ಟ್ರು ಬಂದಿದ್ದರು. ನಿಯಮ ಅಂದರೆ ನಿಯಮ ಎನ್ನುವ ಪೈಕಿ ಅವರು, ಹೆಂಡತಿ ಮಾಡಿದ ಸಾರಿಗೂ ನೂರಕ್ಕೆ ಇಷ್ಟು ಎಂದು ಅಂಕ ಕೊಡುವ ಮನುಷ್ಯ. ಹೊನ್ನಮ್ಮ ಮ್ಯಾಗಜೀನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಿದ್ದರು. ಮೈ ಬಿಸಿಗೆ ಗ್ಯಾಸು ಚುರುಕಾಗಿರುತ್ತದೆ ಎಂದು ನಾನೇ ಹೇಳಿಕೊಟ್ಟಿದ್ದೆ. ತೆಗೆದು ನನಗೆ ತೋರಿಸಿದರು. ಮುಂಭಾಗದಲ್ಲಿ ದೊಡ್ಡ ಕುಂಕುಮ. ಕಿವಿಗೆ ಹಿಡಿದೆ, ಒಂಚೂರೂ ಸದ್ದಿಲ್ಲ.

ಮೇಲೆ ನೋಡಿದರೆ ಅಂಬುಜಾಕ್ಷಮ್ಮನವರ ಕಿಟಕಿ ಮುಚ್ಚಿತ್ತು, ಸಂದಿಯಿಂದ ಮಾತ್ರ ಯಾರೋ ಇಣುಕುತ್ತಿದ್ದರು. ಹನ್ನೆರಡು ಗುಂಡು, ಅದರಲ್ಲಿ ಏಳು ಗಂಟೆಗೆ ತಾಗಬೇಕು. ಹೊನ್ನಮ್ಮ ಎಡಗಣ್ಣು ಮುಚ್ಚಿ ಹೊಡೆದರು. ಟಣ್. "ಒಂದು" ಎಂದರು ಮೇಷ್ಟ್ರು. ಟಣ್. ಮೂರನೆಯ ಗುಂಡು ಹೆಂಚಿಗೆ ಬಡಿಯಿತು. ಆಮೇಲೊಂದು ತಾಗಿತು, ಒಂದು ತಪ್ಪಿತು. ಮತ್ತೆ ಎರಡು ಸಾಲಾಗಿ ಟಣ್ ಟಣ್. "ಐದು" ಎಂದು ಮೇಷ್ಟ್ರು ಹೇಳಿದಾಗ ಬೀದಿಯೆಲ್ಲ ಉಸಿರು ಹಿಡಿಯಿತು, ಹೋದ ವರ್ಷ ನಿಂತದ್ದು ಇಲ್ಲಿಯೇ. ಮುಂದಿನದು ತಪ್ಪಿತು. ಆದರೆ ಗ್ಯಾಸಿನ ಪೆಟ್ಟು ಮೊದಲಿನಷ್ಟೇ ಗಟ್ಟಿಯಾಗಿತ್ತು. ಅದರ ಮುಂದಿನದು ಟಣ್. "ಆರು!" ನಾನು ಪಕ್ಕದವಳ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಅವಳು ಬಳೆ ಒಡೆಯುತ್ತೆ ಬಿಡಕ್ಕಾ ಎಂದಳು.

ಹತ್ತನೆಯ ಗುಂಡು ತಪ್ಪಿತು. ಹನ್ನೊಂದನೆಯದೂ ತಪ್ಪಿತು. ಉಳಿದದ್ದು ಒಂದೇ. ಹೊನ್ನಮ್ಮ ಪಿಸ್ತೂಲು ಎತ್ತಿದರು, ಇಳಿಸಿದರು. ಮತ್ತೆ ಎತ್ತಿದರು.

"ಕಾಣ್ತಿಲ್ಲ ಕಣೇ ಮಂಗಳಾ" ಎಂದರು. ಕಣ್ಣಲ್ಲಿ ನೀರು ತುಂಬಿ ಹರಿಯುತ್ತಿತ್ತು. "ಎಲ್ಲಿದೆ ಅಂತಾನೇ ಕಾಣ್ತಿಲ್ಲ."

ನನಗೆ ಅವರ ಕೈ ಹಿಡಿದು ನಾನೇ ಹೊಡೆದುಬಿಡೋಣ ಎನ್ನಿಸಿತು. ಮೇಷ್ಟ್ರು ನನ್ನನ್ನೇ ನೋಡುತ್ತಿದ್ದರು. ರಿಂಗು ಸರಿಯಾಗಿತ್ತು, ವಾಲ್ವು ಸರಿಯಾಗಿತ್ತು, ಗ್ಯಾಸು ಧಾರಾಳವಾಗಿತ್ತು. ಕಣ್ಣಿಗೆ ಹಾಕುವ ರಿಂಗು ನನ್ನ ಅಂಗಡಿಯಲ್ಲಿ ಎಲ್ಲಿಂದ ತರಲಿ?

ಆಗ ಮೇಲೆ ಮನೆಯೊಳಗೆ ಏನೋ ದರದರ ಎಳೆದ ಸದ್ದಾಯಿತು. ಮೊದಲು ಮಂಚ ಎಳೆದ ಹಾಗೆ. ಆಮೇಲೆ ಪಾತ್ರೆಗಳು ದಡಬಡ ಉರುಳಿದವು. ಯಾರೋ ಏದುಸಿರು ಬಿಡುತ್ತ ರುಬ್ಬುವ ಕಲ್ಲು ನೂಕುತ್ತಿದ್ದರು. "ಎಲ್ರೂ ಈ ಕಡೆ ಬನ್ರೋ, ಈ ಕಡೆ!" ಎಂದು ಒಳಗಿನಿಂದ ಅಂಬುಜಾಕ್ಷಮ್ಮನವರ ದನಿ ಕೇಳಿತು. ಮಗ, ಸೊಸೆ, ಮೊಮ್ಮಗ, ಮನೆ ಮಂದಿಯೆಲ್ಲ ಧಪಧಪ ಓಡಿ ಬೀದಿ ಕಡೆಯ ಗೋಡೆಗೆ ಬಂದು ನಿಂತರು. ಗಾಳಿಯಲ್ಲಿರುವ ಮನೆ ತೂಕ ಎಲ್ಲಿದೆಯೋ ಅತ್ತ ವಾಲಿ ಕೆಳಗಿಳಿಯುತ್ತದೆ. ಇಡೀ ಮನೆ ನಿಧಾನವಾಗಿ ನಮ್ಮ ಕಡೆಗೆ ಬಾಗಿತು, ಗುಟ್ಟು ಕೇಳುವುದಕ್ಕೆ ಮುಂದಕ್ಕೆ ಬಗ್ಗಿದ ಹೆಂಗಸಿನ ಹಾಗೆ. ಒಂದೆರಡು ಹೆಂಚು ಜಾರಿ ಬಿದ್ದವು. ನೆತ್ತಿಯ ಗಂಟೆ ತೂಗುತ್ತ ಕೆಳಗೆ ಬಂತು, ಇನ್ನೂ ಕೆಳಗೆ ಬಂತು, ಹೊನ್ನಮ್ಮನವರ ತಲೆಯ ಮೇಲೆ ನಾಲ್ಕಾಳೆತ್ತರದಲ್ಲಿ ನಿಂತಿತು.

"ಇದು ಹೇಗಾಗತ್ತೆ?" ಎಂದು ಮೇಷ್ಟ್ರು ಗೊಣಗಿದರು. "ಮೇಲಿನವರು ಸಹಾಯ ಮಾಡೋ ಹಾಗಿಲ್ಲ."

"ಯಾರು ಸಹಾಯ ಮಾಡಿದ್ರು?" ನಾನು ಜೋರಾಗಿಯೇ ಕೇಳಿದೆ. "ಅವರ ಮನೇಲಿ ಅವರು ಮಂಚ ಎಲ್ಲಿ ಬೇಕಾದ್ರೂ ಹಾಕ್ಕೋತಾರೆ. ಅದಕ್ಕೂ ನಿಯಮ ಇದ್ಯಾ ಮೇಷ್ಟ್ರೇ, ಇದ್ರೆ ಹೇಳಿ."

ಮೇಷ್ಟ್ರು ಯೋಚಿಸಿದರು. ಕನ್ನಡಕ ತೆಗೆದು ಒರೆಸಿದರು. "ಇಲ್ಲ" ಎಂದರು.

ಹೊನ್ನಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಎರಡೂ ಕೈಯಲ್ಲಿ ಪಿಸ್ತೂಲು ಹಿಡಿದು ಕುದುರೆ ಎಳೆದರು. ಟಣ್! "ಏಳು" ಎಂದು ಮೇಷ್ಟ್ರು ಹೇಳಿದ್ದು ಯಾರಿಗೂ ಕೇಳಿಸಲಿಲ್ಲ, ಅಷ್ಟು ಗದ್ದಲ. ಮೇಷ್ಟ್ರೂ ಚಪ್ಪಾಳೆ ತಟ್ಟುತ್ತಿದ್ದರು.

ರಾಟೆ ಕಿರ್ರೆಂದು ಬುಟ್ಟಿ ಇಳಿಯಿತು. ಖಾಲಿ ಬುಟ್ಟಿ ಬರುತ್ತದೆ, ಹೊನ್ನಮ್ಮನವರನ್ನು ಹತ್ತಿಸಬೇಕು ಎಂದು ನಾನು ಮುಂದೆ ಹೋದರೆ ಅದರಲ್ಲಿ ಅಂಬುಜಾಕ್ಷಮ್ಮನವರೇ ಕೂತಿದ್ದರು. ದಪ್ಪ ಹೆಂಗಸು, ಮುಖವೆಲ್ಲ ಬೆವರು, ಕೈಗೆ ರುಬ್ಬುವ ಕಲ್ಲಿನ ಹಿಟ್ಟು ಮೆತ್ತಿತ್ತು. ಬುಟ್ಟಿಯಿಂದ ಇಳಿಯುವುದಕ್ಕೂ ಪುರಸೊತ್ತಿಲ್ಲದೆ ಅಲ್ಲಿಂದಲೇ ಹೊನ್ನಮ್ಮನವರ ಎರಡೂ ಕೈ ಹಿಡಿದುಕೊಂಡರು.

"ಹೋದ ವರ್ಷ ಐದಾದಾಗ್ಲೇ ರಾಟೆ ಹಗ್ಗ ಬಿಚ್ಚಿ ಕೈಲಿ ಹಿಡ್ಕೊಂಡಿದ್ದೆ ಕಣೇ ಹೊನ್ನಿ" ಎಂದರು. "ಆಮೇಲೆ ನಿಂತೇ ಹೋಯ್ತು. ನಿಂಗೇ ಬೇಡ ಅನ್ನಿಸ್ತೇನೋ, ಬೇಕಂತ ನಿಲ್ಲಿಸಿದ್ಯೇನೋ ಅಂದ್ಕೊಂಡು ವರ್ಷ ಪೂರ್ತಿ ಒಳಗೊಳಗೇ ಬೆಂದೆ."

"ಅಯ್ಯೋ, ಬೇಕಂತ ನಿಲ್ಲಿಸ್ತೀನೇನೇ ನಾನು? ಗ್ಯಾಸ್ ಸೋರಿ ಹೋಯ್ತು ಕಣೇ. ಹೆಂಗೆ ಸೋರ್ತು ಅಂತ ಈಗ ಗೊತ್ತಾಯ್ತು. ನಾನೇ ಅದರ ಬಾಯಿಗೆ ಕುಂಕುಮ ತುಂಬಿ ಕೆಡಿಸಿದ್ದು. ನಂದೇ ತಪ್ಪು. ನನ್ನ ಬುದ್ಧಿಗಿಷ್ಟು..." ಎಂದು ಹೊನ್ನಮ್ಮ ತಲೆ ಚಚ್ಚಿಕೊಳ್ಳಲು ಹೊರಟರು.

ಇನ್ನು ಸುಮ್ಮನಿರಲು ನನ್ನಿಂದ ಆಗಲಿಲ್ಲ. "ನಿಮ್ಮ ತಪ್ಪಲ್ಲ ದೊಡ್ಡಮ್ಮ, ನಂದು" ಎಂದೆ. "ಹೋದ ವರ್ಷ ಬಿಚ್ಚಿದಾಗ್ಲೇ ಆ ಕುಂಕುಮ ನನ್ನ ಕಣ್ಣಿಗೆ ಬಿದ್ದಿತ್ತು. ನಾನು ತುಕ್ಕು ಅಂದ್ಕೊಂಡು ಒರೆಸಿ ಬಿಟ್ಟೆ. ಆವತ್ತೇ ಒಂದು ಮಾತು ಕೇಳಿದ್ರೆ ಹೋದ ವರ್ಷವೇ ಏಳಾಗಿರೋದು. ಒಂದು ವರ್ಷ ಹಾಳು ಮಾಡ್ದೆ ನಾನು."

ಹೊನ್ನಮ್ಮ ಅಂಬುಜಾಕ್ಷಮ್ಮನವರ ಮುಖ ನೋಡಿದರು, ಅವರು ಇವರ ಮುಖ ನೋಡಿದರು. ಆಮೇಲೆ ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು.

"ಹಿತ್ತಾಳೆಗೆ ತುಕ್ಕಾ? ಯಾರೇ ನಿಂಗೆ ಈ ಕೆಲಸ ಕಲ್ಸಿದ್ದು?" ಎಂದರು ಹೊನ್ನಮ್ಮ.

"ಕಣ್ಣು ನಿಂದಲ್ಲ ಕಣೇ ಹೋಗಿರೋದು, ಇವಳದ್ದು!" ಎಂದು ಅಂಬುಜಾಕ್ಷಮ್ಮ ಮೊದಲು ಗೆಳತಿಯನ್ನೂ ಆಮೇಲೆ ನನ್ನನ್ನೂ ತೋರಿಸಿದರು.

"ಅಂಗಡಿ ಬಾಗಿಲ ಬೋರ್ಡ್ ನೋಡಿದ್ರೆ ಮಾರುದ್ದ!"

"ಬಾಯಿ ನೋಡಿದ್ರೆ ಅದಕ್ಕಿಂತ ಉದ್ದ!"

ಒಬ್ಬರು ಬಿಟ್ಟಲ್ಲಿಂದ ಇನ್ನೊಬ್ಬರು ಎತ್ತಿಕೊಳ್ಳುತ್ತಿದ್ದರು. ಹನ್ನೊಂದು ವರ್ಷ ಮಾತು ಬಿಟ್ಟವರು ಎಂದು ಯಾರಿಂದಲೂ ಹೇಳಲಾಗುತ್ತಿರಲಿಲ್ಲ. ಊರಿನಲ್ಲಿ ನನ್ನನ್ನು ಹಾಗೆ ಬೈದು ದಕ್ಕಿಸಿಕೊಂಡವರು ಅದುವರೆಗೆ ಯಾರೂ ಇರಲಿಲ್ಲ. ನಾನು ಬೀದಿಯ ನಡುವೆ ತಲೆ ತಗ್ಗಿಸಿ ನಿಂತುಕೊಂಡೆ, ಒಂದು ಮಾತೂ ತಿರುಗಿ ಆಡಲಿಲ್ಲ. ಅವರು ಇನ್ನೂ ಸ್ವಲ್ಪ ಹೊತ್ತು ಬೈಯಲಿ ಎಂದೇ ಅನ್ನಿಸುತ್ತಿತ್ತು.